ಅಗಸೆ ಎಣ್ಣೆ, ಕುಸುಬೆ ಎಣ್ಣೆ, ಆಲ್ಕಿಡ್: ದುರ್ಗದ ಬಂಡೆ ಬಿಡಿಸ್ತಾ ಎಂಟು ತಿಂಗಳು ಬಳಸಿ ನೋಡಿದ್ದು

ಆಯಿಲ್ ಪೇಂಟಿಂಗ್ ಮಾಡೋರ ಹತ್ರ ಬಣ್ಣದ ಟ್ಯೂಬ್ ಬಗ್ಗೆ ಕೇಳಿದ್ರೆ ಅರ್ಧ ದಿನ ಮಾತಾಡ್ತಾರೆ, ಯಾವ ಕಂಪನಿ ನೀಲಿ ಚೆಂದ, ಯಾವುದರ ಬಿಳಿ ಗಟ್ಟಿ ಅಂತ. ಅದಕ್ಕೆ ಬೆರೆಸೋ ಎಣ್ಣೆ ಯಾವುದು ಅಂತ ಕೇಳಿ ನೋಡ್ರಿ, "ಯಾವುದೋ ಒಂದು ಲಿನ್ಸೀಡ್ ತಗೊಳ್ರಿ, ಎಲ್ಲಾ ಒಂದೇ" ಅಂದು ಕೈ ತೊಳ್ಕೊಳ್ತಾರೆ. ಒಂದೇ ಅಲ್ಲ ರೀ. ಹೋದ ಡಿಸೆಂಬರ್‌ನಲ್ಲಿ ಚಿತ್ರದುರ್ಗ ಕೋಟೆ, ಸುತ್ತಲಿನ ಗುಡ್ಡದ್ದು ಮೂರು ಕ್ಯಾನ್ವಾಸ್ ಒಟ್ಟಿಗೆ ಶುರು ಮಾಡಿದೆ, ಒಂದಕ್ಕೆ ಅಗಸೆ ಎಣ್ಣೆ ಅಂದ್ರೆ ಅದೇ ಲಿನ್ಸೀಡ್, ಒಂದಕ್ಕೆ ಕುಸುಬೆ ಎಣ್ಣೆ, ಇನ್ನೊಂದಕ್ಕೆ ಆನ್‌ಲೈನಲ್ಲಿ ತರಿಸಿದ, ಬಣ್ಣ ಬೇಗ ಒಣಗಲಿ ಅಂತ ಬೆರೆಸೋ ಆಲ್ಕಿಡ್ ಮೀಡಿಯಂ. ಈಗ ಆಗಸ್ಟ್ ಬಂತು, ಮೂರೂ ಇನ್ನೂ ಪೂರ್ತಿ ಆಗಿಲ್ಲ, ಆದ್ರೆ ಎಣ್ಣೆಗಳ ಯೋಗ್ಯತೆ ಮಾತ್ರ ಗೊತ್ತಾಯ್ತು, ಅದನ್ನ ಬರೀತಾ ಇದೀನಿ.

ನಾನು ದಾವಣಗೆರೆಯಲ್ಲಿ ಡ್ರಾಯಿಂಗ್ ಟೀಚರ್. ಸ್ಟುಡಿಯೋ ಅಂತ ಹೇಳ್ಕೋತೀನಿ ಅಷ್ಟೇ, ನಿಟುವಳ್ಳಿ ಕಡೆ ನಮ್ಮ ಮನೆ ಮೇಲೆ ಶೀಟ್ ಹಾಕಿದ ಒಂದು ರೂಮು, ಪಕ್ಕದಲ್ಲೇ ನೀರಿನ ಟ್ಯಾಂಕು, ಒಂದು ಹಳೇ ಕಬ್ಬಿಣದ ಮಂಚ. ಮಾರ್ಚ್ ಏಪ್ರಿಲ್‌ನಲ್ಲಿ ಒಳಗೆ ಹೋದ್ರೆ ಮಂಡಕ್ಕಿ ಭಟ್ಟಿ ಹೊಕ್ಕಂಗೆ ಇರ್ತೈತೆ, ಮಳೆಗಾಲದಲ್ಲಿ ಗೋಡೆ ಬೆವರ್ತೈತೆ. ಇದನ್ನ ಯಾಕೆ ಹೇಳ್ತೀನಿ ಅಂದ್ರೆ ಬೆಂಗಳೂರಲ್ಲಿ ಕೂತು ಬರೆದ ರಿವ್ಯೂ ಓದಿ "ಐದು ದಿನಕ್ಕೆ ಒಣಗ್ತೈತೆ" ಅಂತ ನಂಬಿ ನಾನು ಎರಡು ಸಲ ಕೆಟ್ಟೀನಿ, ನಮ್ಮೂರ ಬಿಸಿಲೇ ಬೇರೆ ಲೆಕ್ಕ.

ಮೊದಲು ಎಣ್ಣೆ ವಿಚಾರ. ನಮ್ಮ ಮಾವ, ಅಮ್ಮನ ತಮ್ಮ, ಚಳ್ಳಕೆರೆಯೋರು. ಚಳ್ಳಕೆರೆ ಅಂದ್ಮೇಲೆ ಗೊತ್ತಲ್ಲ, ಶೇಂಗಾ, ಎಣ್ಣೆ ಮಿಲ್ಲು. ನಾನು ಕಾಲೇಜಲ್ಲಿ ಚಿತ್ರಕಲೆ ಓದ್ತಿದ್ದಾಗ 100 ಎಂಎಲ್ ಬಾಟ್ಲಿಗೆ ದುಡ್ಡು ಕೇಳಿದ್ದಕ್ಕೆ "ನಮ್ಮೂರಾಗೆ ಎಣ್ಣೆ ಹೊಳೆನೇ ಹರೀತೈತೆ, ನೀನ್ಯಾಕಮ್ಮ ಇಷ್ಟುದ್ದ ಬಾಟ್ಲಿ ತರ್ತೀಯ" ಅಂದು ಮುಂದಿನ ಸಲ ಬರುವಾಗ ಒಂದು ಕ್ಯಾನ್ ಶೇಂಗಾ ಎಣ್ಣೆ ತಂದು ಇಟ್ರು. ಅರ್ಧ ತಮಾಷೆ ಅರ್ಧ ನಿಜ. ನಾನೂ ಪೆದ್ದಿ, ಒಂದು ಸಣ್ಣ ಬೋರ್ಡ್ ಮೇಲೆ ಅದರಲ್ಲೇ ಬಣ್ಣ ಕಲಸಿ ಬಿಡಿಸಿದೆ. ಹನ್ನೊಂದು ವರ್ಷ ಆಯ್ತು, ಆ ಬೋರ್ಡ್ ಇವತ್ತಿಗೂ ಮುಟ್ಟಿದ್ರೆ ಕೈಗೆ ಅಂಟ್ತೈತೆ, ಅದರ ಮೇಲೆ ಕೂತ ಧೂಳು ಒಂದು ಬೇರೆ ಲೇಯರ್ ಆಗೈತೆ.

ಕಾರಣ ಸುಲಭ. ಆಯಿಲ್ ಪೇಂಟ್ ನೀರಿನ ಬಣ್ಣದ ಥರ ಆರಿ ಒಣಗಲ್ಲ, ಎಣ್ಣೆ ಆವಿ ಆಗಿ ಹೋಗಲ್ಲ, ಗಾಳಿಯಲ್ಲಿರೋ ಆಕ್ಸಿಜನ್ ಹೀರಿ ಎಣ್ಣೆನೇ ಗಟ್ಟಿ ಪೊರೆ ಆಗ್ತೈತೆ. ಶುರುವಿನಲ್ಲಿ ತೂಕ ಕಮ್ಮಿ ಆಗೋ ಬದಲು ಸ್ವಲ್ಪ ಜಾಸ್ತಿನೇ ಆಗ್ತೈತೆ. ಈ ಗುಣ ಅಗಸೆಗೆ ಐತೆ, ಕುಸುಬೆಗೆ ಸ್ವಲ್ಪ ಕಮ್ಮಿ ಐತೆ, ಆಕ್ರೋಟು, ಗಸಗಸೆ ಎಣ್ಣೆಗೂ ಐತೆ. ಶೇಂಗಾ, ಕೊಬ್ಬರಿ ಇವಕ್ಕೆ ಇಲ್ಲ. ಹಿಂಗೆ ಒಣಗೋ ಎಣ್ಣೇಲಿ ಬಣ್ಣ ಕಲಸೋದು ಯುರೋಪಿನೋರು ಕಂಡುಹಿಡಿದಿದ್ದು ಅಂತ ಓದ್ಕೊಂಡಿದ್ವಿ, ಆದ್ರೆ ಅಫ್ಘಾನಿಸ್ತಾನದ ಬಾಮಿಯಾನ್ ಗುಹೆಗಳಲ್ಲಿ 7ನೇ ಶತಮಾನದ ಬೌದ್ಧ ಚಿತ್ರಗಳಲ್ಲೇ ಒಣಗೋ ಎಣ್ಣೆ ಸಿಕ್ಕೈತೆ ಅಂತ 2008ರಲ್ಲಿ ಗೊತ್ತಾಯ್ತು. ನಮ್ಮ ಕಡೆ ರೊಟ್ಟಿ ಜೊತೆ ತಿನ್ನೋ ಅಗಸೆ ಚಟ್ನಿಪುಡಿ, ಆ ಬೀಜದ ಎಣ್ಣೆನೇ ಇದು. ಅತ್ತೆಗೆ ಇದನ್ನ ಹೇಳಿದ ದಿನ "ಹಂಗಾದ್ರೆ ಬಾಟ್ಲಿಗೆ ಇಷ್ಟು ಕೊಡೋ ಬದ್ಲು ಗಾಣದಾಗೆ ಹಿಂಡಿಸ್ಕೊಂಡು ಬರಬಾರ್ದೇನವ್ವ" ಅಂದ್ರು. ಅದನ್ನೂ ಮಾಡಿದೆ, ಮುಂದೆ ಹೇಳ್ತೀನಿ.

ಮೊದಲ ಕ್ಯಾನ್ವಾಸು ಗೋಪಾಲಸ್ವಾಮಿ ಹೊಂಡ, ಎರಡೂವರೆ ಅಡಿ ಅಗಲ. ಕೋಟೆ ಹತ್ತಿ ಸಂಜೆ ಐದೂವರೆಗೆ ಅಲ್ಲಿ ಕೂತ್ರೆ ನೀರು ಹಸಿರೂ ಅಲ್ಲ ಕಪ್ಪೂ ಅಲ್ಲ, ಒಳಗಿನಿಂದ ಏನೋ ಒಂದು ಬಿಸಿ ಬೆಳಕು ಬಂದಂಗೆ ಕಾಣ್ತೈತೆ. ಇದನ್ನ ಒಂದೇ ಕೋಟ್‌ನಲ್ಲಿ ಹಸಿರು ಕಲಸಿ ಬಳಿದ್ರೆ ಪ್ಲಾಸ್ಟಿಕ್ ಚಾಪೆ ಥರ ಬರ್ತೈತೆ, ನಾನು ಬಳಿದು ನೋಡೀನಿ. ಅದಕ್ಕೇ ಲೇಯರ್ ಲೇಯರ್ ಆಗಿ ಹೋಗೋದು. ಇದಕ್ಕೆ ತಗೊಂಡಿದ್ದು ಆರ್ಟಿಸ್ಟ್‌ಗಳಿಗೆ ಅಂತಲೇ ಬರೋ ರಿಫೈನ್ಡ್ ಲಿನ್ಸೀಡ್, ನಮ್ಮ ಕಂಪನಿಗಳದ್ದೇ, ಇಲ್ಲೇ ಒಂದು ಸ್ಟೇಷನರಿ ಅಂಗಡೀಲಿ, 100 ಎಂಎಲ್‌ಗೆ ನೂರೈವತ್ತರ ಆಸುಪಾಸು. ಅಂಗಡಿಯೋರಿಗೆ ಅದು ಏನು ಅಂತಲೇ ಗೊತ್ತಿರಲಿಲ್ಲ, ಫೆವಿಕಾಲ್ ಡಬ್ಬಿ ಹಿಂದೆ ಧೂಳು ತಿಂತಾ ಕೂತಿತ್ತು, "ಇದು ಯಾರೂ ತಗಳ್ಳಲ್ಲ ಮೇಡಂ, ಬೇಕಾದ್ರೆ ಎರಡೂ ತಗೊಂಡ್ ಹೋಗ್ರಿ" ಅಂದ್ರು. ಹಳೇದು ಅಂತ ಹೆದರಬೇಡ್ರಿ, ಮುಚ್ಚಳ ಬಿಗಿ ಇದ್ದು ಎಣ್ಣೆ ಜೇನಿನಷ್ಟು ಮಂದ ಆಗಿಲ್ಲ ಅಂದ್ರೆ ನಡೀತೈತೆ.

ಕೆಲಸ ಹೇಗೆ ಹೋಯ್ತು ಅಂದ್ರೆ, ಬಿಳಿ ಕ್ಯಾನ್ವಾಸ್‌ಗೆ ಮೊದಲು ಬರ್ನ್ಟ್ ಸಿಯೆನ್ನಾ ಅನ್ನೋ ಕೆಂಗಂದು ಬಣ್ಣಾನ ಬರೀ ಟರ್ಪೆಂಟೈನ್‌ನಲ್ಲಿ ನೀರು ನೀರು ಮಾಡಿ ಬಳಿದು ಬಟ್ಟೇಲಿ ಒರೆಸಿದೆ, ಒಂದೇ ದಿನಕ್ಕೆ ಒಣಗ್ತು. ಅದರ ಮೇಲೆ ಬರ್ನ್ಟ್ ಅಂಬರ್‌ನಲ್ಲಿ ನೆರಳು ಎಲ್ಲೆಲ್ಲಿ ಅಂತ ಬರೀ ಕಂದು ಬಣ್ಣದಲ್ಲೇ ಪೂರ್ತಿ ಚಿತ್ರ, ಇದರಲ್ಲೂ ಎಣ್ಣೆ ಇಲ್ಲ ಅನ್ನಬೇಕು ಅಷ್ಟು ಕಮ್ಮಿ. ಅಂಬರ್ ಬೇಗ ಒಣಗ್ತೈತೆ, ಆ ಮಣ್ಣಿನಲ್ಲಿ ಮ್ಯಾಂಗನೀಸ್ ಇರೋದ್ರಿಂದ, ಅದಕ್ಕೇ ತಳಪಾಯಕ್ಕೆ ಎಲ್ಲರೂ ಅದನ್ನೇ ಹಾಕೋದು. ಮೂರನೇದು ಬಂಡೆಗಳಿಗೆ ಟೈಟಾನಿಯಂ ವೈಟ್ ಸೇರಿಸಿದ ಬೂದಿ, ಓಕರ್ ಅನ್ನೋ ಮಣ್ಣಿನ ಹಳದಿ, ಇದಕ್ಕೆ ನಾಲ್ಕು ಹನಿ ಎಣ್ಣೆ, ಜನವರಿ ಚಳಿಗೆ ಎರಡು ವಾರ ಹಿಡೀತು. ಆಮೇಲೆ ಗ್ಲೇಜ್, ಅಂದ್ರೆ ಎಣ್ಣೆ ಜಾಸ್ತಿ ಹಾಕಿ ಕೆಳಗಿನ ಬಣ್ಣ ಕಾಣೋ ಹಂಗೆ ಬಳಿಯೋ ತೆಳು ಕೋಟ್. ನಮಗೆ ಕಲಿಸಿದ ಮೇಷ್ಟ್ರು ಹೇಳ್ತಿದ್ದ ಮಾತು ಒಂದೇ, "ಅಡಿಗೆ ಬಡವ, ಮೇಲೆ ಸಾಹುಕಾರ". ಕೆಳಗಿನ ಕೋಟ್‌ನಲ್ಲಿ ಎಣ್ಣೆ ಕಮ್ಮಿ, ಮೇಲಕ್ಕೆ ಹೋಗ್ತಾ ಹೋಗ್ತಾ ಜಾಸ್ತಿ. ತಿರುಗಾ ಮುರುಗಾ ಆದ್ರೆ ಮೇಲಿನದು ಮೊದಲು ಒಣಗಿ, ಕೆಳಗಿನದು ಆಮೇಲೆ ನಿಧಾನಕ್ಕೆ ಅಲ್ಲಾಡಿ, ಮೇಲಿನ ಪೊರೆ ಬಿರೀತೈತೆ.

ನೀರಿನ ಜಾಗದಲ್ಲಿ ತಳಕ್ಕೆ ಓಕರ್ ಮತ್ತು ಸಿಯೆನ್ನಾ, ಹೆಚ್ಚುಕಮ್ಮಿ ಬೆಲ್ಲದ ಪಾಕದ ಬಣ್ಣ. ಅದು ಪೂರ್ತಿ ಒಣಗಿದ ಮೇಲೆ ಬಟಾಣಿ ಕಾಳಿನಷ್ಟು ವಿರಿಡಿಯನ್ ಹಸಿರಿಗೆ ಅರ್ಧ ಚಮಚ ಎಣ್ಣೆ ಹಾಕಿ, ಅಗಲ ಬ್ರಷ್‌ನಲ್ಲಿ ತೀಡಿ, ಆಮೇಲೆ ಅಂಗೈ ಬುಡದಿಂದ ಒತ್ತಿ ಒತ್ತಿ ಅರ್ಧಕ್ಕರ್ಧ ತೆಗೆದುಬಿಡೋದು. ಉಳಿದದ್ದು ಎಷ್ಟು ತೆಳು ಅಂದ್ರೆ ಬಣ್ಣ ಐತೋ ಇಲ್ವೋ ಅನ್ನಬೇಕು. ಎರಡು ವಾರ ಬಿಟ್ಟು ಅಲ್ಟ್ರಾಮರೀನ್ ನೀಲಿ, ಇನ್ನೆರಡು ವಾರ ಬಿಟ್ಟು ಮತ್ತೆ ವಿರಿಡಿಯನ್. ಮೂರನೇ ಸಲಕ್ಕೆ ನೀರು ಆಳ ಆಯ್ತು. ಹಸಿರು ಮೇಲೆ ಕೂತಿಲ್ಲ, ಬೆಳಕು ಹಸಿರು ದಾಟಿ ಹೋಗಿ ಕೆಳಗಿನ ಬೆಲ್ಲದ ಬಣ್ಣಕ್ಕೆ ಬಡಿದು ವಾಪಸ್ ಬರ್ತೈತೆ, ಗಾಜಿನ ಲೋಟದ ಚಹಾನ ಕಿಟಕಿಗೆ ಹಿಡಿದಂಗೆ. ಆ ಸಂಜೆ ನಮ್ಮೆಜಮಾನ್ರನ್ನ ಕೆಳಗಿಂದ ಕೂಗಿ ಕರೆದು ತೋರಿಸಿದೆ, "ಮೊದ್ಲೂ ಹಂಗೇ ಇತ್ತಲ್ಲ" ಅಂದ್ರು. ಹೋಗ್ಲಿ ಬಿಡ್ರಿ. ಲಿಯೊನಾರ್ಡೊ ಬಿಡಿಸಿದ ಮುಖಗಳನ್ನ 2010ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು ಎಕ್ಸ್-ರೇಲಿ ಅಳೆದಾಗ ಒಂದೊಂದು ಗ್ಲೇಜ್ 1ರಿಂದ 2 ಮೈಕ್ರೋಮೀಟರ್, ಎಲ್ಲಾ ಸೇರಿದ್ರೂ 30-40 ಮೈಕ್ರೋಮೀಟರ್ ಅಷ್ಟೇ ಇತ್ತಂತೆ, ನಮ್ಮ ಕೂದಲಿಗಿಂತ ತೆಳು. ಅದನ್ನ ಓದಿದ ಮೇಲೆ ನನ್ನ ಅಂಗೈ ಗ್ಲೇಜ್ ಎಮ್ಮೆ ಚರ್ಮ ಅನ್ನಿಸ್ತು.

ಲಿನ್ಸೀಡ್‌ನ ಕೆಟ್ಟ ಗುಣ ಹಳದಿ ಆಗೋದು. ಜೂನ್‌ನಲ್ಲಿ ರೂಮು ಸೋರ್ತು ಅಂತ ಹೊಂಡದ ಕ್ಯಾನ್ವಾಸ್‌ನ ಕೆಳಗಿನ ಮನೇಲಿ ಬೀರು ಹಿಂದೆ ಗೋಡೆಗೆ ಮುಖ ಮಾಡಿ ಇಟ್ಟಿದ್ದೆ, ಒಂದೂವರೆ ತಿಂಗಳು ಬಿಟ್ಟು ತೆಗೆದ್ರೆ ಮಂಟಪದ ಕಂಬದ ಮೇಲಿನ ಬಿಳಿ ಎಲ್ಲಾ ಹಳೇ ಪಂಚೆ ಬಣ್ಣಕ್ಕೆ ತಿರುಗೈತೆ. ಎದೆ ಧಸಕ್ ಅಂತು. ಆದ್ರೆ ಕತ್ತಲಲ್ಲಿ ಬಂದ ಹಳದಿ, ಬೆಳಕಿಗೆ ಇಟ್ರೆ ಬಹುಪಾಲು ಹೋಗ್ತೈತೆ, ಮಳೆ ಬಿಡುವು ಕೊಟ್ಟ ನಾಲ್ಕೈದು ದಿನ ಕಿಟಕಿ ಹತ್ರ ಬೆಳಕಿಗೆ ಇಟ್ಟೆ, ಮುಕ್ಕಾಲು ಪಾಲು ವಾಪಸ್ ಬಂತು. ಆಯಿಲ್ ಪೇಂಟಿಂಗನ್ನ ಬೀರು ಹಿಂದೆ, ಮಂಚದ ಕೆಳಗೆ ಇಡಬೇಡ್ರಿ ಅಂತ ಬಾಟ್ಲಿ ಮೇಲೆ ಒಂದು ಸಾಲು ಬರೆದಿದ್ರೆ ಕಂಪನಿಯೋರ ಗಂಟೇನು ಹೋಗ್ತಿತ್ತು.

ಇನ್ನೊಂದು ವಿಷಯ, ಇದು ಮಾತ್ರ ಸೀರಿಯಸ್ಸು. ಏಪ್ರಿಲ್‌ನಲ್ಲಿ ಒಂದು ಮಧ್ಯಾಹ್ನ ಎಣ್ಣೆ ಒರೆಸಿದ ಹಳೇ ಬನಿಯನ್ ಬಟ್ಟೆಗಳನ್ನ ಉಂಡೆ ಮಾಡಿ ಮೂಲೇಲಿದ್ದ ಪ್ಲಾಸ್ಟಿಕ್ ಬಕೆಟ್‌ಗೆ ಎಸೆದು ಊಟಕ್ಕೆ ಇಳಿದೆ. ಸಂಜೆ ಎಸೆಯೋಣ ಅಂತ ಎತ್ತಿದ್ರೆ ಹೊರಗೆ ತಣ್ಣಗಿದ್ದ ಉಂಡೆ ಒಳಗೆ ಆಗ ತಾನೆ ಹೆಂಚಿನಿಂದ ತೆಗೆದ ರೊಟ್ಟಿ ಥರ ಬಿಸಿ, ಜೊತೆಗೊಂದು ಘಾಟು ವಾಸನೆ. ಗಾಳಿ ಹೀರಿ ಗಟ್ಟಿ ಆಗೋವಾಗ ಎಣ್ಣೆ ಶಾಖ ಬಿಡ್ತೈತೆ, ಬಟ್ಟೆ ಉಂಡೆ ಆದ್ರೆ ಆ ಶಾಖ ಒಳಗೇ ಕೂಡಿ ತಾನೇ ತಾನಾಗಿ ಬೆಂಕಿ ಹತ್ತಬಹುದು, ಕಡ್ಡಿ ಗೀರೋದೇ ಬೇಡ. ನಮ್ಮ ಶೀಟ್ ರೂಮಿನ ಸೆಖೆಗೆ ಇನ್ನೊಂದೆರಡು ಗಂಟೆ ಬಿಟ್ಟಿದ್ರೆ ಏನಾಗ್ತಿತ್ತೋ. ಈಗ ಬಟ್ಟೆನ ತಂತಿ ಮೇಲೆ ಒಂದೊಂದಾಗಿ ಹರವಿ ಒಣಗಿಸ್ತೀನಿ, ಇಲ್ಲಾಂದ್ರೆ ನೀರು ತುಂಬಿದ ತಗಡಿನ ಡಬ್ಬಿಗೆ ಹಾಕಿ ಮುಚ್ಚಳ ಮುಚ್ತೀನಿ. ಶೇಂಗಾ ಎಣ್ಣೆ ಒರೆಸಿದ ಬಟ್ಟೆಗೆ ಈ ಮಟ್ಟದ ಭಯ ಇಲ್ಲ ಅಂತ ನಮ್ಮ ಮನೇಲಿ ಯಾರೂ ನಂಬ್ಲಿಲ್ಲ ಮೊದಲು.

ಕುಸುಬೆ ಎಣ್ಣೆ. ಇದನ್ನ ಜನ ಹೊಗಳೋದು ಹಳದಿ ಕಮ್ಮಿ ಆಗ್ತೈತೆ ಅಂತ, ಬಿಳಿ ಮತ್ತು ತಿಳಿ ನೀಲಿ ಟ್ಯೂಬ್‌ಗಳಲ್ಲಿ ಎಷ್ಟೋ ಕಂಪನಿಯೋರು ಲಿನ್ಸೀಡ್ ಬದಲು ಇದನ್ನೇ ಹಾಕ್ತಾರೆ. ಎರಡನೇ ಕ್ಯಾನ್ವಾಸ್ ಜೋಗಿಮಟ್ಟಿ ಕಡೆಯ ಬೆಳಗು, ಮಂಜು, ದೂರದ ಗುಡ್ಡದ ಮೇಲೆ ಗಾಳಿಯಂತ್ರಗಳು, ಪೂರ್ತಿ ತಿಳಿ ಬಣ್ಣ, ಅದಕ್ಕೆ ಇದೇ ಸರಿ ಅನ್ನಿಸ್ತು. ಆರ್ಟಿಸ್ಟ್ ಗ್ರೇಡ್ ಕುಸುಬೆ ಎಣ್ಣೆ ಇಲ್ಲಿ ಸಿಗ್ಲಿಲ್ಲ, ತರಿಸಬೇಕಾಯ್ತು. ಬಣ್ಣ ನಿಜಕ್ಕೂ ಸ್ವಚ್ಛ, ಅದರ ಬಗ್ಗೆ ಎರಡು ಮಾತಿಲ್ಲ, ಅದೇ ಬೀರು ಹಿಂದೆ ಇಟ್ಟಿದ್ದ ಇದಕ್ಕೆ ಹಳದಿ ಬಂದಿದ್ದು ಕಣ್ಣಿಗೆ ಕಾಣದಷ್ಟು. ಒಣಗೋದು ಮಾತ್ರ ಸಂತೆ ಎತ್ತಿನ ನಡಿಗೆ. ಲಿನ್ಸೀಡ್ ಎರಡು ವಾರ ತಗೊಂಡ ಕಡೆ ಇದು ನಾಲ್ಕು ತಗೊಂಡ್ತು, ಅಷ್ಟರಲ್ಲಿ ನಮ್ಮೂರ ಧೂಳು ಬಿಡ್ತೈತಾ, ಆಕಾಶದಲ್ಲಿ ಎರಡು ಸೊಳ್ಳೆ ಮತ್ತು ಯಾವುದೋ ಬ್ರಷ್ ಕೂದಲು ಶಾಶ್ವತವಾಗಿ ಕೂತವು. ಪೊರೆನೂ ಲಿನ್ಸೀಡ್‌ನಷ್ಟು ಗಟ್ಟಿ ಅಲ್ಲ, ಅದಕ್ಕೆ ತಳದ ಕೋಟ್‌ಗಳಿಗೆ ಬೇಡ, ಕೊನೇ ಕೋಟ್‌ನ ತಿಳಿ ಬಣ್ಣಕ್ಕೆ ಮಾತ್ರ ಇಟ್ಕೊಳ್ರಿ.

ಅಡುಗೆ ಕುಸುಬೆ ಎಣ್ಣೆ ಆಗಲ್ವಾ ಅಂತ ಕೇಳೋರು ಇರ್ತೀರಿ, ನನ್ನ ಸ್ಟೂಡೆಂಟ್ಸೇ ಕೇಳ್ತಾರೆ. ಬೇಡ. ಪ್ಯಾಕೆಟ್ ಎಣ್ಣೆ ಕಮಟು ವಾಸನೆ ಬರಬಾರದು ಅಂತ ಅದಕ್ಕೆ ಆಂಟಿಆಕ್ಸಿಡೆಂಟ್ ಹಾಕಿರ್ತಾರೆ, ಅಂದ್ರೆ ಆಕ್ಸಿಜನ್ ಹೀರದಂಗೆ ತಡೆಯೋ ಸಾಮಾನು, ನಮಗೆ ಬೇಕಾಗಿರೋದು ಅದರ ಉಲ್ಟಾ. ಜೊತೆಗೆ ಕೆಲವು ಹೊಸ ತಳಿ ಕುಸುಬೆ ಅಡುಗೆಗೆ ಅಂತಲೇ ಮಾಡಿರೋದು, ಒಣಗೋ ಗುಣನೇ ಕಮ್ಮಿ.

ಗಾಣದ ಅಗಸೆ ಎಣ್ಣೆ ಕಥೆ ಇಷ್ಟು. ಅತ್ತೆ ಮಾತು ಕೇಳಿ ಅರ್ಧ ಲೀಟರ್ ಹಿಂಡಿಸ್ಕೊಂಡು ಬಂದೆ, ಬಂಗಾರದ ಬಣ್ಣ, ಹಸಿ ಕಾಳಿನ ವಾಸನೆ. ಅದರಲ್ಲಿ ಬೀಜದ ಲೋಳೆ ಇರ್ತೈತೆ, ಅದನ್ನ ತೆಗೀದೇ ಬಳಸೋ ಹಂಗಿಲ್ಲ. ಗಾಜಿನ ಬಾಟ್ಲಿಗೆ ಎಣ್ಣೆ, ಅಷ್ಟೇ ನೀರು, ಒಂದು ಹಿಡಿ ಉಪ್ಪು, ಒಂದು ಹಿಡಿ ತೊಳೆದ ಮರಳು ಹಾಕಿ ಕುಲುಕೋದು, ಎರಡು ದಿನ ಬಿಡೋದು, ನಡುವೆ ಕಟ್ಟಿದ ಬಿಳಿ ಕೆಸರು ಬಿಟ್ಟು ಮೇಲಿನ ಎಣ್ಣೆ ಬಸಿಯೋದು, ಮತ್ತೆ ಅದೇ. ನಾಲ್ಕು ಸಲ ತೊಳೆದು ಮಾಳಿಗೆ ಮೇಲೆ ಬಾಯಿಗೆ ಬಟ್ಟೆ ಕಟ್ಟಿ ಒಂದು ತಿಂಗಳು ಬಿಸಿಲಿಗೆ ಇಟ್ಟೆ, ಬಣ್ಣ ತಿಳಿ ಆಯ್ತು, ಸ್ವಲ್ಪ ಮಂದನೂ ಆಯ್ತು. ಬೋರ್ಡ್ ಮೇಲೆ ಟೆಸ್ಟ್ ಮಾಡಿದ್ರೆ ಅಂಗಡಿದಕ್ಕಿಂತ ಬೇಗನೇ ಒಣಗ್ತು, ಹೊಳಪೂ ಚೆಂದ. ಮಾಡಬಹುದು, ಆದ್ರೆ ಟೀಚರ್ ಕೆಲಸ ಮಾಡ್ಕೊಂಡು ಇದನ್ನ ಮಾಡ್ತೀನಿ ಅನ್ನೋರಿಗೆ ನನ್ನ ನಮಸ್ಕಾರ. ತೊಳೆಯೋಕೆ ಮೊದಲೇ ಕಾಲು ಭಾಗ ಅತ್ತೆ ಚಟ್ನಿಪುಡಿಗೆ ಕಲಸ್ಕೊಳ್ಳಕ್ಕೆ ಅಂತ ಎತ್ತಿಟ್ಕೊಂಡಿದ್ರು, ಅವರ ಲೆಕ್ಕದಲ್ಲಿ ಆ ಕಾಲು ಭಾಗನೇ ಸದುಪಯೋಗ ಆಗಿದ್ದು. ಹಾರ್ಡ್‌ವೇರ್ ಅಂಗಡೀಲಿ ಬಾಗಿಲಿಗೆ ಹಚ್ಚೋಕೆ ಕೊಡೋ ಡಬಲ್ ಬಾಯ್ಲ್ಡ್ ಲಿನ್ಸೀಡ್ ಮಾತ್ರ ಯಾರು ಏನೇ ಹೇಳ್ಲಿ ತಗೋಬೇಡ್ರಿ, ಬೇಗ ಒಣಗಲಿ ಅಂತ ಅದಕ್ಕೆ ಲೋಹದ ಡ್ರೈಯರ್ ಸೇರಿಸಿರ್ತಾರೆ, ಮೊದಲೇ ಕಂದು, ಆಮೇಲೆ ಇನ್ನೂ ಕಪ್ಪಾಗ್ತೈತೆ.

ಈಗ ಆಲ್ಕಿಡ್. ಬೆಲೆ ಕೇಳಿದ್ರೆ ಕಣ್ಣು ಕತ್ತಲೆ, 75 ಎಂಎಲ್‌ಗೆ ಸಾವಿರದ ಹತ್ತಿರ. ಮೊದಲ ಬಾಟ್ಲಿ ಬಂದಾಗ ಒಳಗೆ ಅರ್ಧ ಬೆಲ್ಲದಚ್ಚು ಥರ ಗಟ್ಟಿಯಾಗಿತ್ತು, ವಾಪಸ್ ತಗಳ್ಳಿ ಅಂದ್ರೆ "ಓಪನ್ ಆಗಿದೆ" ಅಂತ ಮೆಸೇಜು, ಓಪನ್ ಮಾಡ್ದೆ ಗಟ್ಟಿ ಅಂತ ಹೇಗೆ ಗೊತ್ತಾಗಬೇಕಿತ್ತೋ. ಎರಡನೇದು ಬೇರೆ ಕಡೆಯಿಂದ ತರಿಸಿದೆ, ಅದು ಸರಿ ಇತ್ತು. ಮನೆ ಕಿಟಕಿ ಗ್ರಿಲ್‌ಗೆ ಹೊಡೆಯೋ ಎನಾಮಲ್ ಪೇಂಟ್ ಇದೇ ಜಾತಿದು, ಎಣ್ಣೆಯಿಂದಲೇ ಮಾಡಿದ ರೆಸಿನ್, ಇದನ್ನ ಚಿತ್ರಕ್ಕೆ ಅಂತ ಶುದ್ಧವಾಗಿ ಮಾಡಿರ್ತಾರೆ. ಬಣ್ಣಕ್ಕೆ ಬೆರೆಸಿ ತೆಳ್ಳಗೆ ಬಳಿದ್ರೆ ನಮ್ಮ ಬೇಸಿಗೇಲಿ ಬೆಳಿಗ್ಗೆ ಹಚ್ಚಿದ್ದು ಮಾರನೇ ದಿನಕ್ಕೆ ಉಗುರು ಗೀರಿದ್ರೂ ಏಳಲ್ಲ. ಮೊದಲ ವಾರ ನನಗೆ ಹುಚ್ಚೇ ಹಿಡೀತು, ವಾರಕ್ಕೆ ಐದು ಕೋಟ್, ತಿಂಗಳ ಕೆಲಸ ವಾರದಲ್ಲಿ.

ಆ ಹುಚ್ಚಲ್ಲೇ ಕೆಟ್ಟಿದ್ದು. ಮೂರನೇ ಕ್ಯಾನ್ವಾಸ್ ಒನಕೆ ಓಬವ್ವನ ಕಿಂಡಿ, ಎರಡು ಬಂಡೆ ನಡುವೆ ಆ ಕತ್ತಲೆ. ಕತ್ತಲೆಗೆ ಅಂತ ಐವರಿ ಬ್ಲ್ಯಾಕ್‌ನ ಅಂಗಡಿ ಲಿನ್ಸೀಡ್‌ನಲ್ಲಿ ದಪ್ಪಕ್ಕೆ ಕಲಸಿ, ಸುತ್ತಲಿನ ಬಂಡೆಗೂ ಹರಡಿ ಬಳಿದೆ. ಆ ಕಪ್ಪು ಮೂಳೆ ಸುಟ್ಟು ಮಾಡಿದ್ದು, ಅತ್ತೆಗೆ ಇದನ್ನ ಹೇಳಿಲ್ಲ, ದಯವಿಟ್ಟು ನೀವೂ ಹೇಳಬೇಡ್ರಿ. ಒಣಗೋದ್ರಲ್ಲಿ ಎಲ್ಲಕ್ಕಿಂತ ಸೋಮಾರಿ ಬಣ್ಣಗಳಲ್ಲಿ ಅದೊಂದು. ನಾಲ್ಕು ದಿನಕ್ಕೆ ಮೇಲೆ ಬೆರಳಿಗೆ ಅಂಟ್ಲಿಲ್ಲ ಅಂತ ಒಣಗೈತೆ ಅಂದ್ಕೊಂಡು ಅದರ ಮೇಲೆ ಆಲ್ಕಿಡ್ ಬೆರೆಸಿದ ಅಂಬರ್ ಬಳಿದೆ. ಅಂದ್ರೆ ಸೋಮಾರಿ ಮೇಲೆ ಚುರುಕಿನವನನ್ನ ಕೂರಿಸಿದೆ, ಅಡಿಗೆ ಸಾಹುಕಾರ, ಮೇಲೆ ಬಡವ. ಮೇಷ್ಟ್ರು ಹೇಳಿದ್ದರ ಪೂರಾ ಉಲ್ಟಾ. ಒಂದು ತಿಂಗಳಿಗೆ ಬಂಡೆ ಮೇಲೆ ಕೂದಲೆಳೆ ಗೆರೆ ಕಂಡ್ವು, ಮೇ ಹೊತ್ತಿಗೆ ಬೇಸಿಗೆ ಎರೆ ಹೊಲ ಬಿಟ್ಟಂಗೆ ಬಾಯಿ ಬಿಟ್ಟು, ಬಿರುಕಿನ ಒಳಗೆ ಸೂಜಿ ಇಟ್ರೆ ಕಪ್ಪು ಇನ್ನೂ ಮೆತ್ತಗೆ ಮೇಣದಂಗಿತ್ತು. ಇದರಲ್ಲಿ ಮೀಡಿಯಂ ತಪ್ಪು ಒಂದು ಚೂರೂ ಇಲ್ಲ, ತಪ್ಪೆಲ್ಲಾ ನಂದೇ, ಸ್ಟಾರ್ ಕಮ್ಮಿ ಕೊಡೋಕೂ ಬರಲ್ಲ.

ಮಜಾ ಏನು ಗೊತ್ತಾ, ಮನೆಗೆ ಬಂದ ನೆಂಟರೊಬ್ರು ಮೂರೂ ಚಿತ್ರ ನೋಡಿ ಹೊಂಡದ ಮುಂದೆ ಎರಡು ಸೆಕೆಂಡ್ ನಿಂತು, ಕಿಂಡಿ ಮುಂದೆ ಹೋಗಿ "ಅಬ್ಬಬ್ಬಾ, ಬಂಡೆ ಬಿರುಕು ಎಷ್ಟು ಸಹಜ ಬಂದೈತೆ ನೋಡ್ರಿ, ಇದನ್ನ ಹೆಂಗ್ ಮಾಡಿದ್ರಿ" ಅಂದ್ರು. ಮೂರು ತಿಂಗಳು ಅಂಗೈ ತೇಯ್ದ ಹೊಂಡ ಯಾರಿಗೂ ಬೇಡ. ನಾನೂ ಸುಮ್ನೆ "ಅದೊಂದು ಟೆಕ್ನಿಕ್ ಐತೆ" ಅಂದೆ.

ಆಲ್ಕಿಡ್ ಬೇಕೇ ಬೇಡವೇ ಅಂದ್ರೆ, ಮಳೆಗಾಲದಲ್ಲಿ ತಳದ ಎರಡು ಕೋಟ್‌ಗೆ ಬೇಕು. ಜುಲೈನಲ್ಲಿ ಲಿನ್ಸೀಡ್ ಹಚ್ಚಿದ ಬೋರ್ಡ್ ಇಪ್ಪತ್ತು ದಿನ ಆದ್ರೂ ಜಿಡ್ಡು ಬಿಟ್ಟಿರಲಿಲ್ಲ, ಆಲ್ಕಿಡ್ ಎರಡೇ ದಿನಕ್ಕೆ ಮುಗಿಸಿತ್ತು. ಕೆಳಗೆ ಆಲ್ಕಿಡ್, ಮೇಲೆ ಲಿನ್ಸೀಡ್, ಈ ಕ್ರಮ ಯಾವತ್ತೂ ತಪ್ಪಿಸಬೇಡ್ರಿ. ಬೇಸಿಗೇಲಿ ನಮ್ಮ ಕಡೆಯೋರಿಗೆ ಅದರ ಅಗತ್ಯನೇ ಇಲ್ಲ, ಬಿಸಿಲು ಪುಕ್ಕಟೆ ಐತೆ. ಮತ್ತೆ ವಾಸನೆ, ಕಿಟಕಿ ತೆಗೆದಿಟ್ಟು ಕೂರ್ರಿ, ನನಗೆ ತಲೆನೋವು ಬಂದಿದ್ದು ಬಣ್ಣದಿಂದಲ್ಲ, ಇದರ ದ್ರಾವಕದಿಂದ.

ಮಾರ್ಕ್ಸ್ ಕೊಡಬೇಕು ಅಂದ್ರೆ ಅಂಗಡಿ ಲಿನ್ಸೀಡ್‌ಗೆ ಐದಕ್ಕೆ ನಾಲ್ಕೂವರೆ, ಆ ಅರ್ಧ ಕಳೆದಿದ್ದು ಹಳದಿಗೆ. ಆಲ್ಕಿಡ್‌ಗೆ ಮೂರೂವರೆ, ಬೆಲೆಗೆ. ಕುಸುಬೆಗೆ ಮೂರು, ಸೊಳ್ಳೆಗಳ ಲೆಕ್ಕದಲ್ಲಿ. ಒಂದೇ ತಗೊಳ್ಳೋಕೆ ದುಡ್ಡಿದ್ರೆ ಲಿನ್ಸೀಡ್ ತಗೊಂಡು ಉಳಿದಿದ್ದರಲ್ಲಿ ಒಂದು ಒಳ್ಳೆ ವಿರಿಡಿಯನ್ ಟ್ಯೂಬ್ ತಗೊಳ್ರಿ, ಟ್ಯೂಬ್ ಹಿಂದೆ ಬರೆದಿರೋ ಪಿಗ್ಮೆಂಟ್ ನಂಬರ್, ಅಂದ್ರೆ ಒಳಗಿರೋ ಬಣ್ಣದ ಪುಡಿ ಯಾವುದು ಅಂತ ಹೇಳೋ ಕೋಡ್, ಓದಿ ತಗೊಳ್ರಿ. ಬಿಳಿ ಟ್ಯೂಬ್‌ನಲ್ಲಿ ಪಿಡಬ್ಲ್ಯು 4 ಅಂತಿದ್ರೆ ಅದು ಜಿಂಕ್, ಕಾಲ ಕಳೆದಂತೆ ಪೊರೆ ಪೆಡಸಾಗ್ತೈತೆ, ಲೇಯರ್ ಕೆಲಸಕ್ಕೆ ಪಿಡಬ್ಲ್ಯು 6 ಇರೋ ಟೈಟಾನಿಯಂ ನೋಡ್ಕೊಳ್ರಿ.

ಹೊಂಡಕ್ಕೆ ಇನ್ನೊಂದು ಗ್ಲೇಜ್ ಬಾಕಿ ಐತೆ, ಮೂಲೆಯ ಮೆಟ್ಟಿಲುಗಳ ನೆರಳಿಗೆ. ಅದಾದ ಮೇಲೆ ವಾರ್ನಿಷ್‌ಗೆ ಕಮ್ಮಿ ಅಂದ್ರೂ ಆರು ತಿಂಗಳು ಕಾಯಬೇಕು. ಕಿಂಡಿನ ಕೆರೆದು ಮತ್ತೆ ಶುರು ಮಾಡೋಣ ಅಂತ ಚಾಕು ತಗೊಂಡಿದ್ದೆ, ಆ ನೆಂಟರು ಮೊನ್ನೆ ಫೋನ್ ಮಾಡಿ ಹೊಸ ಮನೆ ಗೃಹಪ್ರವೇಶಕ್ಕೆ ಅದೇ ಬೇಕು ಅಂತಿದ್ದಾರೆ. ಬಿರುಕು ಬಿಟ್ಟೈತೆ, ಮುಂದೆ ಉದುರ್ತೈತೆ ಅಂತ ಹೇಳಿದ್ರೆ ನಂಬ್ತಾ ಇಲ್ಲ, ದುಡ್ಡು ಜಾಸ್ತಿ ಕೇಳೋಕೆ ಹಿಂಗಂತೀನಿ ಅಂದ್ಕೊಂಡಿದ್ದಾರೆ.